ಮೇಣದಬತ್ತಿ, ಒಂದು ಲೆನ್ಸ್, ಮನೆಯ ಗೋಡೆ: ದಾದಾಸಾಹೇಬ್ ಫಾಲ್ಕೆ ಕಥೆ

ಕಡಿಮೆ ಬಜೆಟ್‌ನಲ್ಲಿ ರೂಮಲ್ಲೇ ಹೋಮ್ ಥಿಯೇಟರ್ ಮಾಡೋದು ಹೇಗೆ? ಹಾಸ್ಟೆಲ್‌ನಲ್ಲಿ ಐಪಿಎಲ್ ಬಂದಾಗೊಮ್ಮೆ, ಎಕ್ಸಾಮ್ ಮುಗಿದಾಗೊಮ್ಮೆ ಈ ಚರ್ಚೆ ಶುರುವಾಗುತ್ತೆ. ಪ್ರೊಜೆಕ್ಟರ್‌ಗೆ ಎಷ್ಟು ಲುಮೆನ್ ಬೇಕು, ಗೋಡೆಯಿಂದ ಎಷ್ಟು ದೂರ ಇಡಬೇಕು, ಸ್ಕ್ರೀನ್ ಬದಲು ಬೆಡ್‌ಶೀಟ್ ಸಾಕಾ, ದುಡ್ಡು ಯಾರು ಎಷ್ಟು ಹಾಕ್ತಾರೆ. ಇದೇ ಪ್ರಶ್ನೆಗಳನ್ನು 1911ರ ಸುಮಾರಿಗೆ ಮುಂಬೈನ ಒಂದು ಮನೆಯಲ್ಲಿ ನಲವತ್ತು ದಾಟಿದ ಒಬ್ಬ ಮನುಷ್ಯ ಕೇಳಿಕೊಂಡಿದ್ರು. ಆಗ ಅವರ ಕೈಯಲ್ಲಿ ಕೆಲಸ ಇರ್ಲಿಲ್ಲ. ಮನೆಯಲ್ಲಿ ಹೆಂಡತಿ ಮಕ್ಕಳು ಇದ್ರು. ಅವರ ಹತ್ತಿರ ಇದ್ದದ್ದು ಆಟದ ಸಾಮಾನಿನಂಥ ಒಂದು ಚಿಕ್ಕ ಸಿನಿಮಾ ಯಂತ್ರ, ಕೆಲವು ರೀಲು, ಒಂದು ಲೆನ್ಸ್ ಮತ್ತು ಮೇಣದಬತ್ತಿ. ಆ ಮನುಷ್ಯನ ಹೆಸರು ಧುಂಡಿರಾಜ್ ಗೋವಿಂದ ಫಾಲ್ಕೆ. ನಾವೆಲ್ಲ ಅವರನ್ನು ದಾದಾಸಾಹೇಬ್ ಫಾಲ್ಕೆ ಅಂತ, ಅದರಲ್ಲೂ ಪ್ರಶಸ್ತಿಯ ಹೆಸರಾಗಿ, ಕೇಳಿರ್ತೀವಿ. ಪ್ರಶಸ್ತಿಯ ಹಿಂದಿನ ಮನುಷ್ಯನ ಬಗ್ಗೆ ಕೇಳಿರೋದು ಕಡಿಮೆ.

ಎಲ್ಲ ಬ್ರ್ಯಾಂಚೂ ಓದಿದವರು

ಫಾಲ್ಕೆ ಹುಟ್ಟಿದ್ದು 1870ರ ಏಪ್ರಿಲ್ 30ರಂದು, ನಾಸಿಕ್ ಹತ್ತಿರದ ತ್ರ್ಯಂಬಕೇಶ್ವರದಲ್ಲಿ. ತಂದೆ ಸಂಸ್ಕೃತ ಪಂಡಿತರು. ಮಗನೂ ಅದೇ ದಾರಿ ಹಿಡೀಬೇಕಿತ್ತು, ಆದ್ರೆ ಹುಡುಗನ ಮನಸ್ಸು ಚಿತ್ರ, ನಾಟಕ, ಜಾದೂ ಕಡೆಗಿತ್ತು. ಕುಟುಂಬ ಮುಂಬೈಗೆ ಬಂದ ಮೇಲೆ 1885ರಲ್ಲಿ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಸೇರಿದ್ರು. ಆಮೇಲೆ ಬರೋಡಾಗೆ ಹೋಗಿ ಕಲಾಭವನದಲ್ಲಿ ಕಲಿತ್ರು. ಪೇಂಟಿಂಗ್, ಮಾಡೆಲಿಂಗ್, ಆರ್ಕಿಟೆಕ್ಚರ್, ಫೋಟೊಗ್ರಫಿ, ಯಾವುದನ್ನೂ ಬಿಡಲಿಲ್ಲ. ಈಗಿನ ಲೆಕ್ಕದಲ್ಲಿ ಎಲ್ಲ ಓಪನ್ ಎಲೆಕ್ಟಿವ್‌ಗಳನ್ನೂ ಒಬ್ಬರೇ ತಗೊಂಡ ಹಾಗೆ. 1892ರಲ್ಲಿ ಅಹಮದಾಬಾದ್‌ನ ಕೈಗಾರಿಕಾ ಪ್ರದರ್ಶನದಲ್ಲಿ ಅವರಿಗೆ ಚಿನ್ನದ ಪದಕ ಬಂತು. ಯಾವುದಕ್ಕೆ ಗೊತ್ತಾ? ಆದರ್ಶ ನಾಟಕಮಂದಿರ ಹೇಗಿರಬೇಕು ಅಂತ ತೋರಿಸೋ ಒಂದು ಮಾಡೆಲ್‌ಗೆ.

ಪದಕದಿಂದ ಹೊಟ್ಟೆ ತುಂಬಲ್ಲ. ಗೋಧ್ರಾದಲ್ಲಿ ಫೋಟೊ ಸ್ಟುಡಿಯೋ ಇಟ್ಟರು. ಅಷ್ಟರಲ್ಲಿ ಪ್ಲೇಗ್ ಬಂತು. ಮೊದಲ ಹೆಂಡತಿ ಮತ್ತು ಮಗು ಇಬ್ಬರೂ ತೀರಿಕೊಂಡರು. ಫಾಲ್ಕೆ ಊರು ಬಿಟ್ಟು ಮತ್ತೆ ಬರೋಡಾಗೆ ಬಂದು ಫೋಟೊ ತೆಗೆಯೋಕೆ ಕೂತ್ರೆ ಜನ ಹತ್ತಿರ ಬರ್ತಿರ್ಲಿಲ್ಲ. ಫೋಟೊ ತೆಗೆಸಿಕೊಂಡ್ರೆ ಮೈಯಲ್ಲಿನ ಶಕ್ತಿ ಹೋಗುತ್ತೆ, ಆಯಸ್ಸು ಕಡಿಮೆ ಆಗುತ್ತೆ ಅನ್ನೋ ಭಯ ಆಗ ಇತ್ತು. ನಾಟಕ ಕಂಪನಿಗಳಿಗೆ ಪರದೆ ಬರೆದುಕೊಟ್ಟರು. ಜಾದೂ ಕಲಿತು ಪ್ರೊಫೆಸರ್ ಕೆಲ್ಫಾ ಅನ್ನೋ ಹೆಸರಲ್ಲಿ ಪ್ರದರ್ಶನ ಕೊಟ್ಟರು. ಫಾಲ್ಕೆಯನ್ನ ತಿರುಗಿಸಿ ಓದಿದ್ರೆ ಕೆಲ್ಫಾ.

1902ರಲ್ಲಿ ಎರಡನೇ ಮದುವೆ ಆಯ್ತು. ಹೆಂಡತಿಯ ಹೆಸರು ಸರಸ್ವತಿ. ಈ ಹೆಸರು ನೆನಪಿಟ್ಕೊಳ್ಳಿ, ಮುಂದಿನ ಕಥೆಯ ಅರ್ಧ ಭಾಗ ಇವರದೇ. 1903ರಲ್ಲಿ ಫಾಲ್ಕೆಗೆ ಪುರಾತತ್ವ ಇಲಾಖೆಯಲ್ಲಿ ಫೋಟೊಗ್ರಾಫರ್ ಮತ್ತು ಡ್ರಾಫ್ಟ್ಸ್‌ಮನ್ ಕೆಲಸ ಸಿಕ್ತು. ಸರ್ಕಾರಿ ನೌಕರಿ, ತಿಂಗಳ ಸಂಬಳ. ಮೂರು ವರ್ಷ ಮಾಡಿ ಅದನ್ನೂ ಬಿಟ್ಟರು. ರಾಜಾ ರವಿವರ್ಮ ಅವರ ಚಿತ್ರಗಳನ್ನು ಅಚ್ಚು ಮಾಡ್ತಿದ್ದ ಪ್ರೆಸ್‌ಗೆ ಕೆಲಸ ಮಾಡಿಕೊಟ್ಟರು. ಪಾಲುದಾರರ ಜೊತೆ ಸ್ವಂತ ಪ್ರಿಂಟಿಂಗ್ ಪ್ರೆಸ್ ಶುರು ಮಾಡಿದರು. ಬಣ್ಣದ ಮುದ್ರಣದ ಮಷೀನ್ ತರೋಕೆ 1909ರಲ್ಲಿ ಜರ್ಮನಿಗೆ ಹೋಗಿಬಂದ್ರು. ಪ್ರೆಸ್ ಚೆನ್ನಾಗೇ ನಡೀತಿತ್ತು, ಆದ್ರೆ ಪಾಲುದಾರರ ಜೊತೆ ಹೊಂದಾಣಿಕೆ ಆಗಲಿಲ್ಲ. ಅದನ್ನೂ ಬಿಟ್ಟು ಮನೆಗೆ ಬಂದ್ರು. ವಯಸ್ಸು ಆಗ ನಲವತ್ತು.

ಗೋಡೆಯ ಮೇಲಿನ ಸಿನಿಮಾ

ಇದೇ ಹೊತ್ತಿನಲ್ಲಿ ಮುಂಬೈನ ಗಿರ್ಗಾಂವ್‌ನಲ್ಲಿ ಟೆಂಟಿನಂಥ ಒಂದು ಥಿಯೇಟರ್‌ನಲ್ಲಿ ಅವರು ಏಸು ಕ್ರಿಸ್ತನ ಜೀವನದ ಮೂಕಿ ಸಿನಿಮಾ ನೋಡಿದರು. ಪರದೆ ಮೇಲೆ ಕ್ರಿಸ್ತ ಓಡಾಡ್ತಿದ್ರೆ ಇವರ ಕಣ್ಣ ಮುಂದೆ ರಾಮ, ಕೃಷ್ಣ ಓಡಾಡೋಕೆ ಶುರು ಮಾಡಿದ್ರಂತೆ. ನಮ್ಮ ದೇವರ ಕಥೆಗಳನ್ನು ನಮ್ಮವರೇ ಪರದೆ ಮೇಲೆ ಯಾಕೆ ತರಬಾರದು ಅನ್ನೋ ಯೋಚನೆ ಅಲ್ಲಿಂದ ತಲೆಗೆ ಹತ್ತಿತು. ಹೆಂಡತಿಯನ್ನೂ ಕರ್ಕೊಂಡು ಹೋಗಿ ತೋರಿಸಿದರು.

ಆಸೆ ಪಡೋದು ಸುಲಭ. ಈ ದೇಶದಲ್ಲಿ ಆಗ ಕಥಾಚಿತ್ರ ಮಾಡೋದು ಹೇಗೆ ಅಂತ ಹೇಳಿಕೊಡೋಕೆ ಯಾರೂ ಇರ್ಲಿಲ್ಲ. ಕೋರ್ಸ್ ಇಲ್ಲ, ಟ್ಯುಟೋರಿಯಲ್ ಇಲ್ಲ. ಫಾಲ್ಕೆ ಯುರೋಪಿನಿಂದ ಪುಸ್ತಕ, ಕ್ಯಾಟಲಾಗ್ ತರಿಸಿಕೊಂಡರು. ಆ ಚಿಕ್ಕ ಯಂತ್ರ ತಗೊಂಡು, ರಾತ್ರಿ ಮನೆ ಕತ್ತಲು ಮಾಡಿ, ಮೇಣದಬತ್ತಿಯ ಬೆಳಕನ್ನು ಲೆನ್ಸ್ ಮೂಲಕ ಹಾಯಿಸಿ ಗೋಡೆ ಮೇಲೆ ಚಿತ್ರ ಬೀಳಿಸೋಕೆ ಶುರು ಮಾಡಿದರು. ನಮ್ಮ ದೇಶದ ಮೊಟ್ಟಮೊದಲ ಲೋ ಬಜೆಟ್ ಹೋಮ್ ಥಿಯೇಟರ್‌ಗಳ ಪಟ್ಟಿ ಮಾಡಿದ್ರೆ ಇದಕ್ಕೆ ಅದರಲ್ಲಿ ಜಾಗ ಖಂಡಿತ ಇದೆ.

ಈ ಸೆಟಪ್ ಎಷ್ಟು ಕಷ್ಟದ್ದು ಅಂತ ನಮಗೆ ಲೆಕ್ಕ ಹಾಕಿದ್ರೆ ಗೊತ್ತಾಗುತ್ತೆ. ಒಂದು ಮೇಣದಬತ್ತಿ ಸುಮಾರು ಒಂದು ಕ್ಯಾಂಡೆಲಾ ಬೆಳಕು ಕೊಡುತ್ತೆ. ಎಲ್ಲ ದಿಕ್ಕಿಗೂ ಸೇರಿಸಿದ್ರೆ 4π, ಅಂದ್ರೆ ಹನ್ನೆರಡೂವರೆ ಲುಮೆನ್. ಇವತ್ತು ನಾವು ಮಂದ ಅಂತ ಬೈಯೋ ಪ್ರೊಜೆಕ್ಟರ್‌ಗಳೂ ನೂರಾರು ಲುಮೆನ್ ಕೊಡ್ತವೆ. ಮೇಣದಬತ್ತಿಯ ಆ ಹನ್ನೆರಡೂವರೆಯಲ್ಲೂ ಹೆಚ್ಚಿನ ಪಾಲು ಹಿಂದಕ್ಕೆ, ಪಕ್ಕಕ್ಕೆ ಹೋಗಿಬಿಡುತ್ತೆ. ಫಿಲ್ಮ್ ದಾಟಿ, ಲೆನ್ಸ್ ದಾಟಿ ಗೋಡೆ ಮುಟ್ಟೋದು ಅದರಲ್ಲಿ ಒಂದು ಚೂರು. ಯಂತ್ರವನ್ನು ಗೋಡೆಯಿಂದ ಎರಡು ಪಟ್ಟು ದೂರ ಇಟ್ರೆ ಚಿತ್ರದ ಅಗಲ ಎರಡು ಪಟ್ಟು, ವಿಸ್ತೀರ್ಣ ನಾಲ್ಕು ಪಟ್ಟು, ಬೆಳಕು ಕಾಲು ಭಾಗಕ್ಕೆ ಇಳಿಯುತ್ತೆ. ಹಾಗಾಗಿ ದೊಡ್ಡ ಚಿತ್ರದ ಆಸೆ ಬಿಟ್ಟು, ಹತ್ತಿರದಲ್ಲಿ ಚಿಕ್ಕದಾಗಿ ಬೀಳಿಸಿ, ಕಣ್ಣು ಕಿರಿದು ಮಾಡಿ ನೋಡಬೇಕು. ಆ ಕಾಲದ ಫಿಲ್ಮ್ ಹೆಚ್ಚಾಗಿ ನೈಟ್ರೇಟ್‌ನದು. ಅದು ಸುಲಭವಾಗಿ ಬೆಂಕಿ ಹತ್ತಿಕೊಳ್ಳೋ ವಸ್ತು. ಅಂಥ ಫಿಲ್ಮ್ ಪಕ್ಕದಲ್ಲಿ ಉರಿಯೋ ಬತ್ತಿ ಇಟ್ಕೊಂಡು ಕೂರೋದು ಹುಡುಗಾಟ ಅಲ್ಲ.

ಫಾಲ್ಕೆ ಬರೀ ಮಜಕ್ಕೆ ಹೀಗೆ ನೋಡ್ತಿರ್ಲಿಲ್ಲ. ಪ್ರೊಜೆಕ್ಟರ್ ಅಂದ್ರೆ ತಿರುಗಿಸಿ ಇಟ್ಟ ಕ್ಯಾಮೆರಾ. ಕ್ಯಾಮೆರಾದಲ್ಲಿ ಹೊರಗಿನ ಬೆಳಕು ಲೆನ್ಸ್ ಮೂಲಕ ಒಳಗೆ ಬಂದು ಫಿಲ್ಮ್ ಮೇಲೆ ಬೀಳುತ್ತೆ, ಪ್ರೊಜೆಕ್ಟರ್‌ನಲ್ಲಿ ಒಳಗಿನ ಬೆಳಕು ಫಿಲ್ಮ್ ದಾಟಿ ಲೆನ್ಸ್ ಮೂಲಕ ಹೊರಗೆ ಹೋಗುತ್ತೆ. ಎರಡರಲ್ಲೂ ಫಿಲ್ಮ್ ಒಂದೇ ಸಮ ಓಡಲ್ಲ. ಒಂದು ಫ್ರೇಮ್ ನಿಲ್ಲಬೇಕು, ಶಟರ್ ತೆರೀಬೇಕು, ಮುಚ್ಚಬೇಕು, ಮುಚ್ಚಿದ ಹೊತ್ತಲ್ಲೇ ಮುಂದಿನ ಫ್ರೇಮ್ ಬಂದು ಕೂರಬೇಕು. ಮೂಕಿ ಕಾಲದಲ್ಲಿ ಸೆಕೆಂಡಿಗೆ ಸುಮಾರು 16 ಸಲ ಹೀಗೆ. ಗೋಡೆ ಮೇಲೆ ಚಿತ್ರ ಯಾಕೆ ನಡುಗುತ್ತೆ, ಯಾಕೆ ಮಸುಕಾಗುತ್ತೆ ಅಂತ ಅರ್ಥ ಮಾಡಿಕೊಂಡ್ರೆ ಸಿನಿಮಾ ತೆಗೆಯೋದರ ಅರ್ಧ ಪಾಠ ಆದ ಹಾಗೆ. ಒಂಥರಾ ರಿವರ್ಸ್ ಎಂಜಿನಿಯರಿಂಗ್.

ಇದಕ್ಕೆ ಅವರು ಕೊಟ್ಟ ಬೆಲೆ ಕಣ್ಣು. ಸಂಜೆ ಆದ್ರೆ ನಾಲ್ಕೈದು ಗಂಟೆ ಸಿನಿಮಾ ನೋಡೋದು, ಮನೆಗೆ ಬಂದು ಮತ್ತೆ ಪ್ರಯೋಗ, ಓದು. ನಿದ್ದೆ ಇಲ್ಲ. ಕೊನೆಗೆ ದೃಷ್ಟಿ ಮಂಕಾಗಿ, ಕಣ್ಣು ಕಾಣದ ಸ್ಥಿತಿಗೆ ಬಂತು. ಚಿತ್ರಕಾರ, ಫೋಟೊಗ್ರಾಫರ್, ಪ್ರಿಂಟರ್ ಆಗಿ ಬದುಕಿದ ಮನುಷ್ಯನಿಗೆ ಕಣ್ಣು ಹೋದ್ರೆ ಉಳಿಯೋದೇನು? ಡಾಕ್ಟರ್ ಚಿಕಿತ್ಸೆಯಿಂದ ದೃಷ್ಟಿ ವಾಪಸ್ ಬಂತು, ಆದ್ರೆ ಮೂರ್ನಾಲ್ಕು ಕನ್ನಡಕ ಇಟ್ಟುಕೊಂಡು ಕೆಲಸ ಮಾಡಬೇಕಾಯ್ತು. ಹುಷಾರಾದ ಮೇಲೆ ಅವರು ಮಾಡಿದ ಮೊದಲ ಕೆಲಸ ಮತ್ತೆ ಅದೇ ಪ್ರಯೋಗ. ನೆಂಟರಿಷ್ಟರಿಗೆ ಇವರ ತಲೆ ಸರಿ ಇದೆಯಾ ಅನ್ನೋ ಅನುಮಾನ ಬಂದಿದ್ರೆ ತಪ್ಪು ಹೇಳೋಕಾಗಲ್ಲ.

ಇನ್ಶೂರೆನ್ಸ್ ಪಾಲಿಸಿ ಅಡ ಇಟ್ಟು ಲಂಡನ್‌ಗೆ

ಮನೆ ಪ್ರಯೋಗಕ್ಕೆ ಒಂದು ಮಿತಿ ಇತ್ತು. ನಿಜವಾದ ಕ್ಯಾಮೆರಾ ಬೇಕು, ಅದನ್ನು ನಡೆಸೋದನ್ನ ಕಣ್ಣಾರೆ ನೋಡಬೇಕು. ಫಾಲ್ಕೆ ತಮ್ಮ ಜೀವವಿಮೆ ಪಾಲಿಸಿಗಳನ್ನು ಅಡ ಇಟ್ಟು ಸುಮಾರು 10,000 ರೂಪಾಯಿ ಎತ್ತಿದರು. ತಾನು ಸತ್ತರೆ ಮನೆಯವರಿಗೆ ಇರಲಿ ಅಂತ ಇಟ್ಟಿದ್ದ ದುಡ್ಡು ಅದು. 1912ರ ಫೆಬ್ರವರಿ 1ರಂದು ಹಡಗು ಹತ್ತಿದರು.

ಲಂಡನ್‌ನಲ್ಲಿ ಪರಿಚಯದವರು ಯಾರೂ ಇಲ್ಲ. ತಾವು ಓದ್ತಿದ್ದ ಬಯೋಸ್ಕೋಪ್ ಅನ್ನೋ ಸಿನಿಮಾ ವಾರಪತ್ರಿಕೆಯ ಆಫೀಸ್ ಹುಡುಕಿಕೊಂಡು ನೇರ ಸಂಪಾದಕರ ಹತ್ತಿರ ಹೋದ್ರು. ಆ ಸಂಪಾದಕ ಕೇಬರ್ನ್ ಮೊದಲು ಬೇಡ ಅಂತಲೇ ಬುದ್ಧಿ ಹೇಳಿದ್ರಂತೆ, ಇಂಗ್ಲೆಂಡ್‌ನಲ್ಲೇ ಎಷ್ಟೋ ಜನ ಸಿನಿಮಾ ಮಾಡಿ ಕೈ ಸುಟ್ಟುಕೊಂಡಿದ್ದಾರೆ ಅಂತ. ಇವರ ಹಟ ನೋಡಿ ಆಮೇಲೆ ಸಹಾಯಕ್ಕೆ ನಿಂತರು. ವಾಲ್ಟನ್‌ನಲ್ಲಿ ಸ್ಟುಡಿಯೋ ನಡೆಸ್ತಿದ್ದ ಸೆಸಿಲ್ ಹೆಪ್‌ವರ್ತ್ ತಮ್ಮ ಸ್ಟುಡಿಯೋದ ಕೆಲಸವನ್ನೆಲ್ಲ ತೆರೆದು ತೋರಿಸಿದರು. ಫಾಲ್ಕೆ 50 ಪೌಂಡ್ ಕೊಟ್ಟು ಒಂದು ವಿಲಿಯಮ್ಸನ್ ಕ್ಯಾಮೆರಾಗೆ ಆರ್ಡರ್ ಕೊಟ್ಟರು. ಕೊಡಕ್ ಫಿಲ್ಮ್ ಮತ್ತು ಫಿಲ್ಮಿನ ಅಂಚಿಗೆ ತೂತು ಹಾಕೋ ಪರ್ಫೊರೇಟರ್ ಕೂಡ ಆ ಪಟ್ಟಿಯಲ್ಲಿತ್ತು. ಏಪ್ರಿಲ್ 1ಕ್ಕೆ ಮುಂಬೈಗೆ ವಾಪಸ್.

ಇಲ್ಲಿ ಅವರ ಬಜೆಟ್ ಪ್ಲಾನಿಂಗ್ ಗಮನಿಸಬೇಕು. ದುಡ್ಡು ಕಡಿಮೆ ಇದ್ದಾಗ ಯಾವುದಕ್ಕೆ ಖರ್ಚು ಮಾಡಬೇಕು, ಯಾವುದನ್ನು ಮನೆಯಲ್ಲೇ ಮಾಡಿಕೊಳ್ಳಬೇಕು ಅನ್ನೋದೇ ಪ್ರಶ್ನೆ. ಫಾಲ್ಕೆ ದುಡ್ಡು ಹಾಕಿದ್ದು ಕ್ಯಾಮೆರಾ, ಫಿಲ್ಮ್, ಪರ್ಫೊರೇಟರ್‌ಗೆ. ಉಳಿದದ್ದೆಲ್ಲ ಮನೆ. ದಾದರ್‌ನ ಮನೆಯೇ ಸ್ಟುಡಿಯೋ, ಅಲ್ಲೇ ಡಾರ್ಕ್‌ರೂಮ್, ಅಲ್ಲೇ ಊಟ. ಲೈಟು ಅಂದ್ರೆ ಸೂರ್ಯ. ಸಿಬ್ಬಂದಿ ಅಂದ್ರೆ ಹೆಂಡತಿ ಮಕ್ಕಳು. ಸರಸ್ವತಿಬಾಯಿ ಕತ್ತಲೆಯಲ್ಲಿ ಕೂತು ಫಿಲ್ಮಿಗೆ ತೂತು ಹಾಕೋದು ಕಲಿತರು, ಡೆವಲಪ್ ಮಾಡೋ ಕೆಮಿಕಲ್ ಬೆರೆಸೋದು ಕಲಿತರು. ಶೂಟಿಂಗ್ ಶುರುವಾದ ಮೇಲೆ ಬಿಸಿಲಲ್ಲಿ ಬಿಳಿ ಬಟ್ಟೆ ಹಿಡಿದು ನಿಂತು ನಟರ ಮುಖದ ಮೇಲೆ ಬೆಳಕು ತಿರುಗಿಸ್ತಿದ್ರು. ಜೊತೆಗೆ ಇಡೀ ತಂಡಕ್ಕೆ ಅಡುಗೆ. ತೂತು ಒಂದು ಚೂರು ಆಚೀಚೆ ಆದ್ರೂ ಗೋಡೆ ಮೇಲೆ ಚಿತ್ರ ಕುಣಿಯುತ್ತೆ, ಸಾವಿರಾರು ಅಡಿ ಫಿಲ್ಮಿಗೆ ಆ ಕೆಲಸ ಮಾಡಬೇಕು ಅಂತ ಯೋಚಿಸಿ ನೋಡಿ. ಇವರನ್ನು ಭಾರತದ ಮೊದಲ ಫಿಲ್ಮ್ ಟೆಕ್ನೀಷಿಯನ್‌ಗಳಲ್ಲಿ ಒಬ್ಬರು ಅಂತ ಕರೆದ್ರೆ ಏನೂ ಅತಿ ಆಗಲ್ಲ. 

ಸಾಲ ಕೊಡೋರಿಗೆ ನಂಬಿಕೆ ಬರಬೇಕಲ್ಲ, ಅದಕ್ಕೆ ಒಂದು ಡೆಮೋ ಮಾಡಿದರು. ಕುಂಡದಲ್ಲಿ ಬಟಾಣಿ ಬೀಜ ನೆಟ್ಟು, ಎದುರಿಗೆ ಕ್ಯಾಮೆರಾ ಅಲುಗದ ಹಾಗೆ ನಿಲ್ಲಿಸಿ, ತಿಂಗಳಿಗೂ ಹೆಚ್ಚು ಕಾಲ ಸ್ವಲ್ಪ ಸ್ವಲ್ಪ ಫ್ರೇಮ್ ತೆಗೆದರು. ಓಡಿಸಿದಾಗ ಬೀಜ ಒಡೆದು, ಮೊಳಕೆ ಬಂದು, ಬಳ್ಳಿ ಹಬ್ಬೋದು ಸುಮಾರು ಒಂದು ನಿಮಿಷದಲ್ಲಿ ಕಣ್ಣಿಗೆ ಕಾಣ್ತು. ನಾವು ಫೋನಲ್ಲಿ ಟೈಮ್‌ಲ್ಯಾಪ್ಸ್ ಅಂತ ಒತ್ತೋದು ಇದನ್ನೇ. ಅದನ್ನು ನೋಡಿದವರಲ್ಲಿ ಒಬ್ಬರಾದ ಫೋಟೊ ಸಾಮಾನಿನ ವ್ಯಾಪಾರಿ ಯಶವಂತರಾವ್ ನಾಡಕರ್ಣಿ ಸಾಲ ಕೊಡೋಕೆ ಮುಂದೆ ಬಂದರು. ಸರಸ್ವತಿಬಾಯಿ ತಮ್ಮ ಒಡವೆಗಳನ್ನೂ ಕೊಟ್ಟರು.

ಹರಿಶ್ಚಂದ್ರನ ಫ್ಯಾಕ್ಟರಿ

ಕಥೆ ರಾಜಾ ಹರಿಶ್ಚಂದ್ರನದು. ನಟರನ್ನು ಹುಡುಕೋದೇ ಒಂದು ಸಾಹಸ. ಸಿನಿಮಾ ಅಂದ್ರೆ ಮರ್ಯಾದಸ್ಥರು ಮಾಡೋ ಕೆಲಸ ಅಲ್ಲ ಅನ್ನೋ ಕಾಲ. ಯಾರಾದ್ರೂ ಕೇಳಿದ್ರೆ ಹರಿಶ್ಚಂದ್ರ ಅನ್ನೋರ ಫ್ಯಾಕ್ಟರಿಯಲ್ಲಿ ಕೆಲಸ ಮಾಡ್ತೀವಿ ಅಂತ ಹೇಳಿ ಅಂತ ಫಾಲ್ಕೆ ತಮ್ಮ ಹುಡುಗರಿಗೆ ಹೇಳಿಕೊಟ್ಟಿದ್ರಂತೆ. ತಾರಾಮತಿ ಪಾತ್ರಕ್ಕೆ ಒಬ್ಬ ಹೆಂಗಸೂ ಒಪ್ಪಲಿಲ್ಲ. ಕೊನೆಗೆ ಗ್ರಾಂಟ್ ರೋಡ್‌ನ ಒಂದು ಹೋಟೆಲ್‌ನಲ್ಲಿ ಅಡುಗೆ ಕೆಲಸ ಮಾಡ್ತಿದ್ದ ಅಣ್ಣಾ ಸಾಳುಂಕೆ ಅನ್ನೋ ಯುವಕ ಕಣ್ಣಿಗೆ ಬಿದ್ದರು. ಅಲ್ಲಿ ತಿಂಗಳಿಗೆ 10 ರೂಪಾಯಿ, ಇಲ್ಲಿ 15. ಅವರೇ ತಾರಾಮತಿ. ಹರಿಶ್ಚಂದ್ರ ಆಗಿದ್ದು ದತ್ತಾತ್ರೇಯ ದಾಮೋದರ ದಬ್ಕೆ. ಮಗ ರೋಹಿತಾಶ್ವನ ಪಾತ್ರ ಫಾಲ್ಕೆಯ ಸ್ವಂತ ಮಗ ಭಾಲಚಂದ್ರನಿಗೆ.

ಏಳು ತಿಂಗಳಿಗೆ ಸ್ವಲ್ಪ ಕಡಿಮೆ ಸಮಯದಲ್ಲಿ ಸಿನಿಮಾ ಮುಗೀತು. 4 ರೀಲು, ಸುಮಾರು 3,700 ಅಡಿ. 1913ರ ಏಪ್ರಿಲ್ 21ರಂದು ಒಲಿಂಪಿಯಾ ಥಿಯೇಟರ್‌ನಲ್ಲಿ ಗಣ್ಯರಿಗೆ ಪ್ರದರ್ಶನ. ಮೇ 3ರಂದು ಕಾರೊನೇಷನ್ ಸಿನಿಮಾದಲ್ಲಿ ಎಲ್ಲರಿಗೂ ಬಿಡುಗಡೆ. ಮುಂಬೈ ಜನ ಮುಗಿಬಿದ್ದರು.

ಸೂರತ್‌ನಲ್ಲಿ ಮಾತ್ರ ಮೊದಲ ದಿನ ಬಂದ ಕಲೆಕ್ಷನ್ 3 ರೂಪಾಯಿ ಅಂತಾರೆ. ಕಾರಣ ಸರಳ. ಅಲ್ಲಿಯ ಜನ ಎರಡಾಣೆ ಕೊಟ್ಟು ಆರು ಗಂಟೆ ನಾಟಕ ನೋಡಿ ಅಭ್ಯಾಸ ಇದ್ದವರು, ಮೂರಾಣೆ ಕೊಟ್ಟು ಒಂದೂವರೆ ಗಂಟೆ ನೋಡೋಕೆ ಯಾಕೆ ಬರ್ತಾರೆ? ಫಾಲ್ಕೆ ಸಿನಿಮಾ ಉದ್ದ ಮಾಡಲಿಲ್ಲ, ಜಾಹೀರಾತು ಬದಲಾಯಿಸಿದರು. 57,000 ಫೋಟೊಗಳು, ಎರಡು ಮೈಲಿ ಉದ್ದದ ಚಿತ್ರ, ಎಲ್ಲ ಸೇರಿ ಮೂರೇ ಆಣೆ ಅಂತ ಸಾರಿದರು. ನಾವು ಎಂಜಿನಿಯರ್‌ಗಳಲ್ವಾ, ಚೆಕ್ ಮಾಡೋಣ. 35 ಎಂಎಂ ಫಿಲ್ಮಿನಲ್ಲಿ ಒಂದು ಅಡಿಗೆ 16 ಫ್ರೇಮ್. 3,700 ಅಡಿಗೆ 59,200 ಫ್ರೇಮ್. ಅಲ್ಲಿಗೆ 57,000 ಅನ್ನೋದು ಹೆಚ್ಚುಕಡಿಮೆ ಪ್ರಾಮಾಣಿಕ ಲೆಕ್ಕ. ಆದ್ರೆ 3,700 ಅಡಿ ಅಂದ್ರೆ ಮುಕ್ಕಾಲು ಮೈಲಿಯೂ ಆಗಲ್ಲ. ಎರಡು ಮೈಲಿ ಅನ್ನೋದು ಪ್ರೊಫೆಸರ್ ಕೆಲ್ಫಾ ಅವರ ಕೈಚಳಕ. ಏನೇ ಇರ್ಲಿ, ಜನ ಬಂದರು.

ಥಿಯೇಟರ್ ಇಲ್ಲದ ಊರುಗಳಿಗೆ ಪ್ರೊಜೆಕ್ಟರ್, ಪರದೆ, ರೀಲು ಎಲ್ಲವನ್ನೂ ಎತ್ತಿನ ಗಾಡಿಯಲ್ಲಿ ಹಾಕ್ಕೊಂಡು ಹೋಗಿ ತೋರಿಸಿದರು. ಮನೆಯ ಗೋಡೆ ಮೇಲೆ ಶುರುವಾದದ್ದು ಹೀಗೆ ಹಳ್ಳಿಯ ಬಯಲಿಗೆ ಬಂತು.

ಆಮೇಲೆ

ಅದೇ ವರ್ಷ 'ಮೋಹಿನಿ ಭಸ್ಮಾಸುರ' ಬಂತು. ಅದರಲ್ಲಿ ದುರ್ಗಾಬಾಯಿ ಕಾಮತ್ ಮತ್ತು ಅವರ ಮಗಳು ಕಮಲಾಬಾಯಿ ನಟಿಸಿದರು. ಅಂತೂ ಹೆಂಗಸರ ಪಾತ್ರಕ್ಕೆ ಹೆಂಗಸರೇ ಬಂದ ಹಾಗಾಯ್ತು. 1914ರಲ್ಲಿ ಫಾಲ್ಕೆ ತಮ್ಮ ಸಿನಿಮಾಗಳನ್ನು ಲಂಡನ್‌ಗೆ ಒಯ್ದು ತೋರಿಸಿದರು. ಅಲ್ಲಿ ಮೆಚ್ಚುಗೆ ಸಿಕ್ತು. ಅಷ್ಟರಲ್ಲಿ ಮೊದಲ ಮಹಾಯುದ್ಧ ಶುರುವಾಗಿ ಇಲ್ಲಿ ಸಾಲ ಕೊಡೋರು ಕೈ ಎತ್ತಿದರು. 1917ರ 'ಲಂಕಾ ದಹನ' ಅವರನ್ನು ಎತ್ತಿ ನಿಲ್ಲಿಸಿತು. ಅದರಲ್ಲಿ ರಾಮನೂ ಸೀತೆಯೂ ಒಬ್ಬರೇ, ಅದೇ ಸಾಳುಂಕೆ. 1919ರ 'ಕಾಳಿಯ ಮರ್ದನ'ದಲ್ಲಿ ಬಾಲಕೃಷ್ಣನಾಗಿ ನಟಿಸಿದ್ದು ಫಾಲ್ಕೆಯ ಮಗಳು ಮಂದಾಕಿನಿ.

1918ರಲ್ಲಿ ಪಾಲುದಾರರ ಜೊತೆ ಹಿಂದೂಸ್ತಾನ್ ಫಿಲ್ಮ್ಸ್ ಕಂಪನಿ ಆಯ್ತು. ದುಡ್ಡು ಬಂತು, ಜೊತೆಗೆ ಪ್ರೆಸ್ ಕಾಲದ ಹಳೆ ಜಗಳವೂ ಬಂತು. ಖರ್ಚು ಯಾಕಿಷ್ಟು, ಸಮಯ ಯಾಕಿಷ್ಟು ಅಂತ ಕೇಳೋ ಪಾಲುದಾರರು ಒಂದು ಕಡೆ, ಎಲ್ಲವನ್ನೂ ತಾನೇ ಮಾಡಬೇಕು ಅನ್ನೋ ಫಾಲ್ಕೆ ಇನ್ನೊಂದು ಕಡೆ. ಬೇಸತ್ತು ಕಾಶಿಗೆ ಹೋಗಿ ಅಲ್ಲಿ ಒಂದು ನಾಟಕ ಬರೆದರು. ಮತ್ತೆ ಬಂದು ಸೇರಿದರು. ಅಷ್ಟು ಹೊತ್ತಿಗೆ ಸಿನಿಮಾ ಇವರ ಕೈ ಮೀರಿ ಬೆಳೆದಿತ್ತು. 1931ರಲ್ಲಿ ಮಾತಿನ ಚಿತ್ರ ಬಂತು. ಮೂಕಿಯಾಗಿ ತೆಗೆದ 'ಸೇತುಬಂಧನ'ಕ್ಕೆ ಆಮೇಲೆ ಧ್ವನಿ ಸೇರಿಸಬೇಕಾಯ್ತು. 1937ರಲ್ಲಿ ಕೊಲ್ಲಾಪುರದಲ್ಲಿ ಮಾಡಿದ 'ಗಂಗಾವತರಣ' ಅವರ ಒಂದೇ ಟಾಕಿ, ಅದೇ ಕೊನೆಯ ಸಿನಿಮಾ. ಸುಮಾರು 95 ಕಥಾಚಿತ್ರ ಮಾಡಿದ ಮನುಷ್ಯ ಕೊನೆಗಾಲದಲ್ಲಿ ಕೈಯಲ್ಲಿ ದುಡ್ಡಿಲ್ಲದೆ, ಹೆಚ್ಚಿನವರಿಗೆ ನೆನಪೂ ಇಲ್ಲದೆ ನಾಸಿಕ್‌ನಲ್ಲಿದ್ರು. 1944ರ ಫೆಬ್ರವರಿ 16ರಂದು ತೀರಿಕೊಂಡರು. ಅವರು ಶುರು ಮಾಡಿದ ಉದ್ಯಮ ಆಗ ಲಕ್ಷಾಂತರ ರೂಪಾಯಿ ಎಣಿಸ್ತಿತ್ತು.

ಅವರ ಹೆಸರಿನ ಪ್ರಶಸ್ತಿ ಶುರುವಾಗಿದ್ದು 1969ರ ವರ್ಷಕ್ಕೆ. ಮೊದಲು ಪಡೆದವರು ದೇವಿಕಾ ರಾಣಿ, ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟ್‌ನಲ್ಲಿ ಬಾಳಿದವರು. 1995ರದು ನಮ್ಮ ಡಾ. ರಾಜ್‌ಕುಮಾರ್‌ಗೆ. 2008ರದು ಮೈಸೂರಿನಲ್ಲಿ ಹುಟ್ಟಿದ ಛಾಯಾಗ್ರಾಹಕ ವಿ.ಕೆ. ಮೂರ್ತಿ ಅವರಿಗೆ. 'ಕಾಗಜ್ ಕೆ ಫೂಲ್' ಸಿನಿಮಾದ ಆ ಫೇಮಸ್ ಬೆಳಕಿನ ಕಿರಣವನ್ನು ಮೂರ್ತಿ ಮಾಡಿದ್ದು ದುಬಾರಿ ಲೈಟಿನಿಂದ ಅಲ್ಲ, ಕನ್ನಡಿಯಿಂದ ಬಿಸಿಲನ್ನು ತಿರುಗಿಸಿ. ಬಿಸಿಲಲ್ಲಿ ಬಿಳಿ ಬಟ್ಟೆ ಹಿಡಿದು ನಿಂತಿದ್ದ ಸರಸ್ವತಿಬಾಯಿಗೆ ಈ ಐಡಿಯಾ ತಕ್ಷಣ ಅರ್ಥ ಆಗಿರೋದು.

'ರಾಜಾ ಹರಿಶ್ಚಂದ್ರ'ದ ಎಲ್ಲ ರೀಲು ಉಳಿದಿಲ್ಲ. ಉಳಿದ ಭಾಗ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿದೆ, ಇಂಟರ್‌ನೆಟ್‌ನಲ್ಲೂ ಪುಕ್ಕಟೆ ಸಿಗುತ್ತೆ. ಮುಂದಿನ ಸಲ ಹಾಸ್ಟೆಲ್‌ನಲ್ಲಿ ಯಾರಾದ್ರೂ ಪ್ರೊಜೆಕ್ಟರ್ ತಂದ್ರೆ ಮೊದಲ ಶೋ ಇದನ್ನೇ ಹಾಕಿ. ಮೂಕಿ ಆದ್ದರಿಂದ ಸ್ಪೀಕರ್ ಖರ್ಚೂ ಉಳಿಯುತ್ತೆ, ವಾರ್ಡನ್‌ಗೂ ಕೇಳಿಸಲ್ಲ.